ಕೊಸರಕ್ಕನ ಏಳು ಗುಡ್ಡೆ

ಭಾನುವಾರ ಬೆಳಗ್ಗೆ ಇಸ್ತ್ರಿಯಕ್ಕನ ಮನೆಗೆ ಹೋದವರಿಗೆ ಕಾಲಿಡಲು ಜಾಗ ಸಿಗುವುದಿಲ್ಲ. ನಡುಮನೆಯ ನೆಲಕ್ಕೆ ಹಳೆಯ ದುಪ್ಪಟಿ ಹಾಸಿ, ಅದರ ಮೇಲೆ ವಾರದ ಸಾಮಾನನ್ನೆಲ್ಲ ಹರಡಿಕೊಂಡು ಅವಳು ಕುಳಿತಿರುತ್ತಾಳೆ. ಬರೆದಿಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಕಣ್ಣೆದುರು ಗುಡ್ಡೆ ಹಾಕಿ ನೋಡಿದರೇ ಸಮಾಧಾನ. ಏಳು ದಿನಕ್ಕೆ ಏಳು ಗುಡ್ಡೆ. ಸೊಪ್ಪು ಬೇಗ ಬಾಡುವುದರಿಂದ ಮೊದಲನೆಯ ಗುಡ್ಡೆಗೆ ಹೋಗುತ್ತದೆ. ಎಲೆಕೋಸಿಗೆ ತಾಳ್ಮೆ ಇದೆ, ಅದು ನಡುವಾರಕ್ಕೆ. ಆಲೂಗಡ್ಡೆ, ಈರುಳ್ಳಿ, ಕುಂಬಳಕಾಯಿ ಗಟ್ಟಿ ಜೀವದವು, ಅವು ಶುಕ್ರವಾರ ಶನಿವಾರಕ್ಕೆ. ಮೊಟ್ಟೆಗಳನ್ನು ಬುಧವಾರದ ಗುಡ್ಡೆಯ ಪಕ್ಕ ಇಡುತ್ತಾಳೆ. ಯಾಕೆಂದರೆ ಬುಧವಾರದ ಹೊತ್ತಿಗೆ ಮನೆಯವರ ಮುಖ ತಟ್ಟೆಯ ಮುಂದೆ ಜೋತುಬೀಳಲು ಶುರುವಾಗುತ್ತದೆ. ಒಂದು ಗುಡ್ಡೆ ಮೈತುಂಬಿಕೊಂಡಂತೆ ಕಂಡರೆ ಅದರಿಂದ ಒಂದು ಹಿಡಿ ತೆಗೆದು ಬಡಕಲು ಗುಡ್ಡೆಗೆ ಹಾಕುತ್ತಾಳೆ. ಹೀಗೆ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಸೊಂಟ ಹಿಡಿದುಕೊಂಡು ಎದ್ದಳೆಂದರೆ ಆ ವಾರ ಅತ್ತೆ, ಗಂಡ, ಮಗಳು ಮತ್ತು ಅವಳು ಹಸಿದು ಮಲಗುವುದಿಲ್ಲ ಎಂದು ಲೆಕ್ಕ.

ಮಿಕ್ಕ ದಿನಗಳಲ್ಲಿ ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುತ್ತಾಳೆ. ಆಸ್ಪತ್ರೆಯ ಕೋಟು, ಹೋಟೆಲಿನ ಹಾಸಿಗೆ ಬಟ್ಟೆ, ಎಲ್ಲ ಅವಳ ಮೇಜಿಗೆ ಬರುತ್ತವೆ. ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಇಬ್ಬರ ಸಂಬಳ ಸೇರಿದರೂ ತಿಂಗಳ ಕೊನೆಯ ವಾರ ಉಸಿರು ಬಿಗಿಹಿಡಿದುಕೊಂಡೇ ಕಳೆಯಬೇಕು. ಆ ವಾರಕ್ಕೆಂದು ಅವಳ ಬಳಿ ಒಂದು ಡಬ್ಬಿ ಇತ್ತು. ತೂಕ ಮುಗಿದ ಮೇಲೆ ಅಂಗಡಿಯವನು ಪ್ರೀತಿಗೆಂದು ಮೇಲೊಂದಿಷ್ಟು ಹಾಕುತ್ತಾನಲ್ಲ, ಆ ಕೊಸರನ್ನೆಲ್ಲ ಮನೆಗೆ ಬಂದೊಡನೆ ಬೇರೆ ಮಾಡಿ ಅದರಲ್ಲಿ ಹಾಕಿಡುತ್ತಿದ್ದಳು. ತೊಗರಿ, ಹೆಸರು, ಕಡಲೆ, ಅಲಸಂದೆ, ಎಲ್ಲವೂ ಅದರೊಳಗೆ ಒಟ್ಟು ಸಂಸಾರ. ತಿಂಗಳ ಕೊನೆಗೆ ಅವನ್ನು ನೆನೆಸಿ, ಬೇಯಿಸಿ, ಈರುಳ್ಳಿ ಹುರಿದು ಹಾಕಿದರೆ ಮಗಳು ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಳು.

ಕೊಸರು ಹಾಕುತ್ತಿದ್ದವನು ಅವರ ಕಟ್ಟಡದ ಕೆಳಗಿನ ಅಂಗಡಿಯವನು. ತಕ್ಕಡಿಯ ಮುಳ್ಳನ್ನು ಬಗ್ಗಿ, ಉಸಿರಾಡದೆ, ಕೋಳಿ ಹುಳ ನೋಡಿದ ಹಾಗೆ ನೋಡುತ್ತಿದ್ದ. ಅದಕ್ಕೇ ಬೀದಿಯವರು ಅವನನ್ನು ತೂಕದಣ್ಣ ಎಂದು ಕರೆಯುತ್ತಿದ್ದರು. ಬಾಯಿ ಸ್ವಲ್ಪ ಸಡಿಲ. ಸಂಜೆ ಗಿರಾಕಿಗಳು ಕೂಡಿದಾಗ ಒಬ್ಬರನ್ನು ಹಿಡಿದು ಉಳಿದವರನ್ನು ನಗಿಸುವುದು ಅವನ ವ್ಯಾಪಾರದ ಒಂದು ಭಾಗ.

ಆ ಸಂಜೆ ಅವಳು ಮಗಳ ಕೈ ಹಿಡಿದುಕೊಂಡು ಹೋಗಿದ್ದಳು. ಅಂಗಡಿ ತುಂಬಿತ್ತು. ಪಕ್ಕದ ಮನೆಯ ಹೊಲಿಗೆಯಕ್ಕ ಇದ್ದಳು, ಎದುರು ಮನೆಯ ನರ್ಸಮ್ಮ ಇದ್ದಳು, ಇನ್ನೂ ಎಷ್ಟೋ ಜನ. ತೂಕದಣ್ಣ ಬೇಳೆ ತೂಗಿ, ಮೇಲೆ ನಾಲ್ಕು ಕಾಳು ಉದುರಿಸಿ, ಪೊಟ್ಟಣ ಮಡಚಲು ಹೊರಟ.

“ಇಷ್ಟೇನಾ ಅಣ್ಣ? ಕೈ ಇಷ್ಟು ಬಿಗಿ ಯಾವಾಗಿಂದ?” ಎಂದು ಅವಳು ನಗುತ್ತಲೇ ಕೇಳಿದಳು.

ಅಮ್ಮನಿಗೆ ಸಹಾಯ ಮಾಡಬೇಕೆಂದು ಮಗಳಿಗೆ ಅನ್ನಿಸಿತು. ಅವಳು ಅಂಗಡಿಯ ಕಟ್ಟೆಗೆ ಗದ್ದವಿಟ್ಟು ಹೆಮ್ಮೆಯಿಂದ ಹೇಳಿದಳು. “ಹಾಕಿ ಮಾವ. ಕೊಸರನ್ನೆಲ್ಲ ನಮ್ಮಮ್ಮ ಒಂದು ಡಬ್ಬೀಲಿ ಕೂಡಿಡ್ತಾಳೆ. ತಿಂಗಳ ಕೊನೇಲಿ ಅದರಲ್ಲೇ ಊಟ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ?”

ತೂಕದಣ್ಣನ ಕೈ ನಿಂತಿತು. ಮುಖ ಅರಳಿತು. “ಏನಂದೆ ಮರಿ? ಇನ್ನೊಂದ್ಸಲ ಹೇಳು. ಗಟ್ಟಿಯಾಗಿ ಹೇಳು, ಹಿಂದಿರೋರಿಗೂ ಕೇಳ್ಲಿ.”

ಮಗು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿತು.

“ಕೇಳಿದ್ರಾ ಎಲ್ಲರೂ! ತಿಂಗಳ ಕೊನೇಲಿ ಇವರ ಮನೆ ಒಲೆ ಮೇಲೆ ಬೇಯೋದು ನನ್ನ ಬೇಳೆ! ವ್ಯಾನು ಓಡ್ಸೋನು ಹೆಸರಿಗೆ ಯಜಮಾನ, ಸಂಸಾರ ಸಾಕೋನು ನಾನು. ಇಸ್ತ್ರಿಯಕ್ಕ ಅಲ್ಲ ಕಣ್ರಪ್ಪಾ ಇವರು, ಕೊಸರಕ್ಕ!” ಎಂದು, ಒಂದು ಹಿಡಿ ಬೇಳೆ ತೆಗೆದು ಮಗುವಿನ ಅಂಗೈಯಲ್ಲಿ ಸುರಿದ. “ತಗೋ ಮರಿ. ಮನೆಗೆ ನಮ್ಮ ಕಡೆಯಿಂದ.”

ಮುಷ್ಟಿ ಮುಚ್ಚಬೇಕೋ ಬಿಡಬೇಕೋ ಮಗುವಿಗೆ ತಿಳಿಯಲಿಲ್ಲ. ಬೇಳೆ ಬೆರಳ ಸಂದಿನಿಂದ ಸೋರಿ ನೆಲಕ್ಕೆ ಬಿತ್ತು. ಎಲ್ಲರೂ ನಕ್ಕರು. ಹೊಲಿಗೆಯಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ನರ್ಸಮ್ಮ ಸೆರಗನ್ನೂ ಹಿಡಿಯದೆ ನಕ್ಕಳು. ಇಸ್ತ್ರಿಯಕ್ಕ ದುಡ್ಡು ಕಟ್ಟೆಯ ಮೇಲಿಟ್ಟು, ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಕಿವಿಯಲ್ಲಿ ಬಿಸಿ ಎಣ್ಣೆ ಬಿಟ್ಟಂತಾಗಿತ್ತು.

ಮನೆಯಲ್ಲಿ ವಿಷಯ ತಿಳಿದ ಅತ್ತೆ ಕೋಲು ಕುಟ್ಟಿದಳು. ಈ ಅತ್ತೆಗೂ ಸೊಸೆಗೂ ಉಪ್ಪಿನ ವಿಷಯಕ್ಕೆ ದಿನಾ ಜಗಳ. ಆದರೆ ಹೊರಗಿನವರು ಸೊಸೆಯನ್ನು ಬೈದರೆ ತನ್ನ ಕಸುಬಿಗೆ ಯಾರೋ ಕೈಹಾಕಿದಂತೆ ಅತ್ತೆಗೆ ಕೋಪ ಬರುತ್ತಿತ್ತು.

“ಅಷ್ಟು ಅಂದ್ರೂ ಸುಮ್ನೆ ಬಂದ್ಯಾ? ಬಾಯಿಗೂ ಇಸ್ತ್ರಿ ಹಾಕ್ಕೊಂಡಿದ್ಯಾ?”

“ಜನ ಇದ್ರು ಅತ್ತೆ.”

“ಜನ ಇದ್ದಾಗಲೇ ಅಲ್ವಾ ಅನ್ನೋದು!”

ಗಂಡ ಮಾತ್ರ, “ಬಿಡೇ. ಅವನ ನಾಲಿಗೆಗೆ ಬ್ರೇಕಿಲ್ಲ ಅಂತ ಎಲ್ಲರಿಗೂ ಗೊತ್ತು,” ಎಂದು ಕೈ ತೊಳೆದುಕೊಂಡ. ಅವನ ಸ್ವಭಾವವೇ ಹಾಗೆ. ರಸ್ತೆಯಲ್ಲಿ ಹಿಂದಿನವನು ಹಾರನ್ ಹೊಡೆದರೆ ಬದಿಗೆ ಸರಿದುಕೊಂಡು ಬದುಕಿದ ಮನುಷ್ಯ.

ಅವಳೂ ಬಿಡುತ್ತಿದ್ದಳೋ ಏನೋ. ಆದರೆ ಹೆಸರು ಬಿಡಲಿಲ್ಲ. ಮೆಟ್ಟಿಲಲ್ಲಿ ಕೊಸರಕ್ಕ, ನಲ್ಲಿಯ ಹತ್ತಿರ ಕೊಸರಕ್ಕ. ಲಾಂಡ್ರಿಯ ಮೇಸ್ತ್ರಿ ಕೂಡ ಒಂದು ದಿನ, “ಏನಮ್ಮಾ, ಹತ್ತು ಕೋಟು ಇಸ್ತ್ರಿ ಮಾಡಿದ್ರೆ ಒಂದು ಕೋಟು ಕೊಸರು ಹಾಕಿ ಕೊಡ್ತೀಯಾ?” ಎಂದು ಕೇಳಿದ. ಶಾಲೆಯಲ್ಲಿ ಮಗಳಿಗೆ ಕೊಸರುಮರಿ ಎಂದು ಹೆಸರಾಯಿತು. ಅವಳು ಊಟದ ಡಬ್ಬಿ ಒಯ್ಯುವುದನ್ನು ಬಿಟ್ಟಳು. ತಿಂಗಳ ಕೊನೆಯಲ್ಲಿ ತಾಯಿ ಎಂದಿನಂತೆ ಕಾಳೆಲ್ಲ ಬೇಯಿಸಿ ಬಡಿಸಿದಾಗ ಮಗು ತಟ್ಟೆಯನ್ನು ಬೆರಳ ತುದಿಯಿಂದ ದೂರ ತಳ್ಳಿತು.

“ನಂಗೆ ಹಸಿವಿಲ್ಲ.”

ಹಸಿವಿತ್ತು. ಹೊಟ್ಟೆಯ ಸದ್ದು ಎದುರು ಕುಳಿತ ತಾಯಿಗೆ ಕೇಳುತ್ತಿತ್ತು.

ಆ ಕ್ಷಣದಲ್ಲಿ ಅವಳ ಸಿಟ್ಟು ಕುದಿಯುವುದನ್ನು ನಿಲ್ಲಿಸಿ ಹೆಪ್ಪುಗಟ್ಟಿತು. ತಳ್ಳಿದ ತಟ್ಟೆಯನ್ನು ಎತ್ತಿಕೊಂಡು ಅವಳು ಅತ್ತೆಗೆ ಹೇಳಿದಳು. “ಅದೇ ಅಂಗಡಿ ಮುಂದೆ, ಅದೇ ಸಂಜೆ ಹೊತ್ತಲ್ಲಿ, ಅಷ್ಟೇ ಜನರ ಎದುರು ಅವನು ನನ್ನ ಮಗಳಿಗೆ ತಪ್ಪಾಯ್ತು ಅನ್ನಬೇಕು. ಅಲ್ಲಿವರೆಗೂ ಅವನ ಅಂಗಡಿದು ಒಂದು ಕಾಳು ನಮ್ಮ ಹೊಸ್ತಿಲು ದಾಟಲ್ಲ.”

“ನಮ್ಮದೊಂದು ಹೊಸ್ತಿಲಿಂದ ಅವನಿಗೇನು ನಷ್ಟ?” ಎಂದಳು ಅತ್ತೆ.

“ಒಂದೇ ಹೊಸ್ತಿಲು ಅಂತ ಯಾರು ಹೇಳಿದ್ರು?”

ಅತ್ತೆ ಸೊಸೆಯ ಮುಖವನ್ನೇ ನೋಡಿದಳು. ಮದುವೆಯಾದಂದಿನಿಂದ ಅಷ್ಟು ಇಷ್ಟಪಟ್ಟು ಅವಳನ್ನು ನೋಡಿರಲಿಲ್ಲ.

ಮರುದಿನದಿಂದ ಇಸ್ತ್ರಿ ಮೇಜಿನ ಮುಂದೆ ಅವಳ ಯೋಚನೆ ಶುರುವಾಯಿತು. ಕೋಟಿನ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿ ಹಬೆ ಬಿಡುವಾಗ ಆ ಕಾಲರಿನೊಳಗೆ ತೂಕದಣ್ಣನ ಕುತ್ತಿಗೆ ಇರುವಂತೆ ಕಾಣುತ್ತಿತ್ತು. ಆ ದಿನಗಳಲ್ಲಿ ಅವಳು ಹಾಕಿದ ಕಾಲರುಗಳು ತಗಡಿನ ಹಾಗೆ ನಿಲ್ಲುತ್ತಿದ್ದವಂತೆ. ಅಂಗಡಿಯ ಸಾಲಿನಲ್ಲಿ ನಿಂತು ನಿಂತು ಅವಳಿಗೆ ಕಟ್ಟಡದ ಒಂದೊಂದು ಮನೆಯ ಅಡುಗೆಯೂ ಗೊತ್ತಿತ್ತು. ಹೊಲಿಗೆಯಕ್ಕನ ಮನೆಯಲ್ಲಿ ಬೇಳೆ ಹೆಚ್ಚು, ತರಕಾರಿ ಕಡಿಮೆ. ನರ್ಸಮ್ಮ ಸುಸ್ತಾಗಿ ಬಂದು ಬ್ರೆಡ್ಡು ತಿಂದು ಮಲಗುತ್ತಾಳೆ, ವಾರದ ಕೊನೆಗೆ ದುಡ್ಡೂ ಇಲ್ಲ ಹೊಟ್ಟೆಯೂ ತುಂಬಿಲ್ಲ. ಎಲ್ಲರೂ ದಿನದಿನದ ಸಾಮಾನನ್ನು ದಿನದಿನವೇ, ಚೂರು ಚೂರಾಗಿ, ಕೆಳಗಿನ ಅಂಗಡಿಯಲ್ಲೇ ಕೊಳ್ಳುತ್ತಿದ್ದರು. ತೂಕದಣ್ಣ ಕೊಬ್ಬಿದ್ದು ಆ ಚೂರುಗಳಿಂದಲೇ.

ಸೇತುವೆಯ ಆಚೆ ಸಗಟು ಮಾರುಕಟ್ಟೆ ಇತ್ತು. ಅಲ್ಲಿ ಅಗ್ಗ, ಆದರೆ ಮೂಟೆಗಿಂತ ಕಡಿಮೆ ಕೊಡುವುದಿಲ್ಲ. ಒಂದು ಮನೆಗೆ ಮೂಟೆ ತಂದರೆ ಹುಳಕ್ಕೆ ಊಟ ಹಾಕಿದಂತೆ. ಹಂಚಿಕೊಳ್ಳಲು ಮನೆಗಳು ಬೇಕು, ಆ ಮನೆಗಳಲ್ಲಿ ಇರುವವರು ಅವತ್ತು ನಕ್ಕವರು. ಅವರ ಮೇಲಿನ ಸಿಟ್ಟನ್ನು ಅವಳು ಮುಚ್ಚಳ ಹಾಕಿ ಸಣ್ಣ ಉರಿಯ ಮೇಲಿಟ್ಟಳು. ಕಾಳು, ಕುಂಬಳಕಾಯಿ, ಆಲೂಗಡ್ಡೆ ಹಾಕಿ ದಪ್ಪನೆಯ ಸಾರು ಮಾಡಿ ಒಂದೊಂದು ಬಟ್ಟಲು ಒಂದೊಂದು ಮನೆಗೆ ಒಯ್ದಳು. ಪ್ರತೀಕಾರದ ಮಾತು ಎತ್ತಲಿಲ್ಲ.

“ಇಷ್ಟಕ್ಕೆ ಎಷ್ಟು ಖರ್ಚಾಯ್ತು ಹೇಳು ನೋಡೋಣ,” ಎಂದಳು ಹೊಲಿಗೆಯಕ್ಕನಿಗೆ.

ಹೊಲಿಗೆಯಕ್ಕ ಊಹಿಸಿದಳು. ಅದರ ಅರ್ಧ ಎಂದು ಇವಳು ಹೇಳಿದಳು. ಹೊಲಿಗೆಯಕ್ಕ ಬಟ್ಟಲನ್ನು ಬೆಳಕಿಗೆ ಹಿಡಿದು, ತಳದಲ್ಲಿ ಏನಾದರೂ ಮೋಸವಿದೆಯೇ ಎಂಬಂತೆ ನೋಡಿದಳು. ದಡ್ಡಿಯಲ್ಲ ಅವಳು.

“ನಿನ್ನ ಸಿಟ್ಟಿನ ಒಲೆಗೆ ನನ್ನನ್ನ ಸೌದೆ ಮಾಡ್ತಿದ್ಯಾ ಹೇಗೆ?”

“ಬೇಯೋದು ನಿನ್ನ ಅನ್ನ ತಾನೇ? ಸೌದೆ ಯಾವುದಾದ್ರೆ ಏನು?”

ಆ ಭಾನುವಾರ ಗಂಡನ ವ್ಯಾನಿನಲ್ಲಿ ಮೂಟೆಗಳು ಬಂದವು. ಉದ್ದನೆಯ ವೆರಾಂಡದ ತುಂಬ ದುಪ್ಪಟಿಗಳನ್ನು ಹಾಸಿದರು. ಒಂದೊಂದು ಮನೆಗೆ ಒಂದೊಂದು ದುಪ್ಪಟಿ, ಒಂದೊಂದರ ಮೇಲೆ ಏಳು ಗುಡ್ಡೆ. ಅವಳು ಮಂಡಿಯೂರಿಕೊಂಡು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಾ ಹೇಳಿಕೊಟ್ಟಳು. ನರ್ಸಮ್ಮನಿಗೆ, “ನಿನ್ನ ಮಂಗಳವಾರದ ಕಾಳನ್ನ ಸೋಮವಾರವೇ ಜಾಸ್ತಿ ಬೇಯಿಸಿಡು. ಡ್ಯೂಟಿ ಮುಗ್ಸಿ ಬಂದು ಬ್ರೆಡ್ಡಿಗೆ ಕೈ ಹಾಕ್ಬೇಡ,” ಎಂದಳು. ಕಾಳು ಬೇಯಿಸಿದ ನೀರನ್ನು ಚೆಲ್ಲಬಾರದು, ಮರುದಿನದ ಸಾರಿಗೆ ಅದೇ ಬುನಾದಿ. ಎಲೆಕೋಸಿನ ದಂಟನ್ನು ಎಸೆಯಬಾರದು, ಸಣ್ಣಗೆ ಹೆಚ್ಚಿ ಮೊಟ್ಟೆಯ ಜತೆ ಹುರಿಯಬೇಕು. ಹೆಂಗಸರು ಮೊದಲು ನಕ್ಕರು, ಆಮೇಲೆ ಕೇಳಿದರು, ಆಮೇಲೆ ತಮ್ಮ ಗುಡ್ಡೆಯಿಂದ ಪಕ್ಕದವಳು ಒಂದು ಈರುಳ್ಳಿ ಎಗರಿಸಿದಳೆಂದು ಜಗಳವಾಡಿದರು. ಜಗಳ ಕೇಳಿ ಅವಳಿಗೆ ಧೈರ್ಯ ಬಂತು. ಸ್ವಂತದ್ದು ಎಂದು ಅನ್ನಿಸದಿದ್ದರೆ ಯಾರೂ ಜಗಳವಾಡುವುದಿಲ್ಲ.

ಕೆಳಗಿನ ಅಂಗಡಿಯ ಸಂಜೆಯ ಗುಂಪು ತೆಳ್ಳಗಾಯಿತು. ತೂಕದಣ್ಣ ಕಟ್ಟೆಯ ಮೇಲೆ ಮೊಣಕೈ ಊರಿ ಮೆಟ್ಟಿಲ ಕಡೆ ನೋಡುತ್ತಿದ್ದುದನ್ನು ಅತ್ತೆ ಕಿಟಕಿಯಿಂದ ನೋಡಿ ದಿನದ ವರದಿ ಕೊಡುತ್ತಿದ್ದಳು. “ಇವತ್ತು ನೊಣ ಹೊಡೀತಿದ್ದ. ಅದೂ ಎಡಗೈಲಿ.”

ಅಲ್ಲಿಗೆ ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಕೆಡಿಸಿದ್ದು ಅವಳ ಸಿಟ್ಟೇ.

ಮುಂದಿನ ತಿಂಗಳ ಒಂದು ಭಾನುವಾರ ಮಾರುಕಟ್ಟೆಯಲ್ಲಿ ತೂಕದಣ್ಣ ಕಣ್ಣಿಗೆ ಬಿದ್ದ. ಒಬ್ಬ ವ್ಯಾಪಾರಿಯ ಮುಂದೆ ನಿಂತು, ಕೆಂಪು ಕಾಳಿನ ಮೂಟೆಯೊಳಗೆ ಮೊಣಕೈವರೆಗೆ ಕೈಯಿಟ್ಟು, ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡ. ಆಮೇಲೆ ಪಕ್ಕದ ಸಾಲಿಗೆ ಹೋದ. ದುಡ್ಡು ತರಲೋ, ಕೂಲಿಯವನನ್ನು ಕರೆಯಲೋ ಹೋಗಿರಬೇಕೆಂದು ಅವಳು ಎಣಿಸಿದಳು. ಬೆಲೆ ಕೇಳಿದಳು. ಬೇರೆ ಕಾಳಿಗಿಂತ ಬಹಳ ಕಡಿಮೆ. ಅವನು ಆರಿಸಿದ ಮೂಟೆಯನ್ನು ಅವನ ಮೂಗಿನ ಕೆಳಗಿಂದಲೇ ಎತ್ತಿಕೊಂಡು ಹೋಗುವ ಆಸೆಗೆ ಅವಳ ಬಾಯಲ್ಲಿ ನೀರೂರಿತು. ಯಾವ ಕಾಳನ್ನೂ ಕಚ್ಚಿ ನೋಡದೆ ಕೊಂಡವಳಲ್ಲ ಅವಳು. ಅವತ್ತು ಕಚ್ಚಲಿಲ್ಲ. ಎರಡು ಮೂಟೆ ವ್ಯಾನಿಗೆ ಹಾಕಿಸಿದಳು. ದೂರದಲ್ಲಿ ತೂಕದಣ್ಣ ನಿಂತು ನೋಡುತ್ತಿದ್ದ, ನಗುತ್ತಿದ್ದ. ಸೋತವನ ಹುಳಿನಗೆ ಎಂದು ಅವಳು ತಿಳಿದಳು.

ಸೋಮವಾರ ಸಂಜೆಗೆ ಗೊತ್ತಾಯಿತು. ಅದು ಎಷ್ಟೋ ವರ್ಷ ಗೋದಾಮಿನಲ್ಲಿ ಕೂತ ಕಾಳು. ಬೆಂಕಿಗೆ ಅಂಜುವ ವಯಸ್ಸು ದಾಟಿತ್ತು.

ನರ್ಸಮ್ಮ ಕುಕ್ಕರನ್ನೇ ಎತ್ತಿಕೊಂಡು ಬಂದಳು. “ಎಷ್ಟು ಸಲ ಕೂಗಿಸ್ದೆ ಗೊತ್ತಾ? ಕೂಗಿ ಕೂಗಿ ಕುಕ್ಕರ್ ಗಂಟಲು ಕಟ್ಟಿತು, ನಿನ್ನ ಕಾಳು ಮಾತ್ರ ಕಲ್ಲು! ಗ್ಯಾಸಿಗೆ ಹೋದ ದುಡ್ಡಲ್ಲಿ ನಾನು ಹೋಟೆಲಲ್ಲಿ ಊಟ ಮಾಡ್ತಿದ್ದೆ!”

ಹೊಲಿಗೆಯಕ್ಕ ಬಾಗಿಲಲ್ಲಿ ನಿಂತು, “ನಮ್ಮನೇರಿಗೆ ದವಡೆ ಹಲ್ಲು ಅಲ್ಲಾಡ್ತಿದೆ. ಅದಕ್ಕೂ ಏಳು ಗುಡ್ಡೇಲಿ ಏನಾದ್ರೂ ಇದ್ಯಾ?” ಎಂದಳು.

ಕೆಳಗೆ ತೂಕದಣ್ಣನ ದನಿಗೆ ಜೀವ ಬಂದಿತ್ತು. “ನಾನು ಕಚ್ಚಿ ಉಗಿದ ಕಾಳನ್ನ ಕೊಸರಕ್ಕ ಮೂಟೆಗಟ್ಟಲೆ ಹೊತ್ಕೊಂಡು ಹೋದ್ಲು! ಕಣ್ಣಾರೆ ನೋಡಿದೀನಿ!” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗುಂಪು ಮತ್ತೆ ದಪ್ಪಗಾಯಿತು.

ಅವಳು ಒಂದೊಂದು ಮನೆಗೂ ಹೋಗಿ, ಹಂಚಿದ ಕಾಳನ್ನೆಲ್ಲ ವಾಪಸ್ ತಂದಳು. ಬೇಯದಿದ್ದರೆ ಬೇಡ, ಹುರಿಯುತ್ತೇನೆ ಎಂದುಕೊಂಡಳು. ಕಬ್ಬಿಣದ ಬಾಣಲೆ ಕಾಯಿಸಿ, ಬೊಗಸೆ ಬೊಗಸೆಯಾಗಿ ಹಾಕಿ, ಕಾಳು ಕಂದು ಬಣ್ಣಕ್ಕೆ ತಿರುಗಿ ಚಟಪಟ ಎನ್ನುವವರೆಗೆ ಕೈಯಾಡಿಸಿದಳು. ಲಾಂಡ್ರಿಯಿಂದ ಬಂದವಳು ಒಲೆಯ ಮುಂದೆ ನಿಂತರೆ ಊಟದ ಹೊತ್ತಿಗೇ ಕದಲುವುದು. ಅಂಗೈಯಲ್ಲಿ ಬೊಬ್ಬೆ ಎದ್ದವು. ಹುರಿದದ್ದನ್ನು ಗಿರಣಿಗೆ ಹಾಕಿಸಿದರೆ ಘಮಘಮಿಸುವ ಹಿಟ್ಟಾಯಿತು. ಆದರೆ ಒರಟು. ಜರಡಿ ಹಿಡಿಯಬೇಕು.

ಅವಳು ಜರಡಿ ತರಲು ತಿರುಗಿದಾಗ ಮಗಳು ಆಗಲೇ ಅದನ್ನು ಹಿಡಿದುಕೊಂಡು ಕುಳಿತಿದ್ದಳು. ಮೂಗಿನ ತುದಿ, ರೆಪ್ಪೆ, ಎಲ್ಲ ಹಿಟ್ಟು ಮಾಡಿಕೊಂಡು ಜರಡಿ ಆಡಿಸಿದಳು.

“ಅಮ್ಮಾ, ನಾನು ಅವತ್ತು ಡಬ್ಬಿ ವಿಷಯ ಹೇಳ್ಬಾರ್ದಿತ್ತು.”

“ಯಾಕೆ? ಸುಳ್ಳು ಹೇಳಿದ್ಯಾ?”

“ಇಲ್ಲ.”

“ಕದ್ದಿದ್ದೇನಾದ್ರೂ ಇತ್ತಾ ಅದರಲ್ಲಿ?”

“ಇಲ್ಲ.”

“ಮತ್ತೆ ನಿನ್ನದೇನು ತಪ್ಪು? ಜರಡಿ ನೆಟ್ಟಗೆ ಹಿಡಿ, ಚೆಲ್ತಿದೆ.”

ಮಗಳು ನೆಟ್ಟಗೆ ಹಿಡಿದಳು. “ಅವರು ನಿಜವಾಗ್ಲೂ ತಪ್ಪಾಯ್ತು ಅಂತಾರಾ?”

“ಅವರಾಗಿ ಅನ್ನಲ್ಲ. ನಾನು ಅನ್ನಿಸ್ತೀನಿ.”

ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಸೇರಿಸಿ, ಅಂಗೈಯಲ್ಲಿ ತಟ್ಟಿ, ಚೂರೇ ಚೂರು ಎಣ್ಣೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕಾಯಿಸಿದಳು. ಮೊದಲನೆಯದು ಬಾಣಲೆಯಿಂದ ಇಳಿದದ್ದೇ ಮಗಳು ಕೈ ಚಾಚಿದಳು. ಬಾಯಿ ಸುಟ್ಟುಕೊಂಡು, ಹಾ ಹೂ ಎನ್ನುತ್ತಾ ತಿಂದಳು. ತಾಯಿ ಬೇಕೆಂದೇ ಬೇರೆ ಕಡೆ ನೋಡಿದಳು. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂಬ ಭಯ.

ಬಿಸಿ ಬಿಲ್ಲೆಗಳ ತಟ್ಟೆ ಮನೆಮನೆಗೆ ಹೋಯಿತು, ಹಿಂದಿನಿಂದ ಹಿಟ್ಟಿನ ಡಬ್ಬಿ. ನರ್ಸಮ್ಮ ಒಂದು ತಿಂದು, ಎರಡು ತಿಂದು, “ಇದಾದ್ರೆ ಡ್ಯೂಟಿಗೂ ಕಟ್ಕೊಂಡು ಹೋಗ್ಬಹುದು,” ಎಂದಳು. ಹೊಲಿಗೆಯಕ್ಕನ ಗಂಡ ಅಲ್ಲಾಡುವ ಹಲ್ಲಿನಲ್ಲೇ ನಾಲ್ಕು ಮುಗಿಸಿದ. ಇಸ್ತ್ರಿಯಕ್ಕ ಎಲ್ಲರ ಎದುರು ನೇರವಾಗಿ ಹೇಳಿದಳು. “ಕಚ್ಚಿ ನೋಡದೆ ಕೊಂಡೆ. ಅವನನ್ನ ನೋಡಿ ಮೈಮರೆತೆ. ಇನ್ನು ಮೇಲೆ ಮಾರುಕಟ್ಟೆಗೆ ನಿಮ್ಮಲ್ಲಿ ಒಬ್ರು ನನ್ನ ಜತೆ ಬನ್ನಿ.” ಮುಂದಿನ ವಾರ ಹೊಲಿಗೆಯಕ್ಕ ಹೋದಳು. ಸೂಜಿಗೆ ದಾರ ಪೋಣಿಸುವವಳ ಕಣ್ಣು. ಒಂದೊಂದು ಮೂಟೆಯನ್ನೂ ಕಚ್ಚಿ, ಮೂಸಿ, ವ್ಯಾಪಾರಿಗಳ ತಲೆ ತಿಂದಳು.

ಹೆಂಗಸರು ವಾಪಸ್ ಬಂದರು. ಬೇರೆ ಮಹಡಿಯವರೂ ಬಂದರು. ತೂಕದಣ್ಣ ಬೆಲೆ ಇಳಿಸಿದ. ಅದು ನಡೆಯದಿದ್ದಾಗ, ಬೇಳೆ ಕೊಂಡವರಿಗೆ ಸಕ್ಕರೆ ಪುಕ್ಕಟೆ ಎಂದು ಹಲಗೆ ಹಾಕಿದ. ಸಕ್ಕರೆಯ ಸುದ್ದಿ ಕೇಳಿ ಒಂದಿಬ್ಬರ ಕಾಲು ಎಳೆಯಿತು. ಅಂಥವರಿಗೆಂದು ಅತ್ತೆ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುವ ನೆಪದಲ್ಲಿ ಕೋಲು ಅಡ್ಡ ಇಟ್ಟುಕೊಂಡು ಕೂರುತ್ತಿದ್ದಳು. ಕೆಳಗಿನಿಂದ ಚೀಲ ಹಿಡಿದು ಬಂದವರನ್ನು, “ಏನಮ್ಮಾ, ಚೀಲ ಭಾರ ಇದ್ಯಾ? ಕೊಡು, ನಾನು ಹಿಡ್ಕೊಳ್ಳಲಾ?” ಎಂದು ಅಷ್ಟು ಪ್ರೀತಿಯಿಂದ ಕೇಳುತ್ತಿದ್ದಳೆಂದರೆ, ಎರಡನೇ ಸಲ ಆ ದಾರಿಯಲ್ಲಿ ಸಕ್ಕರೆ ತರುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೊಂದು ಭಾನುವಾರ ಮಧ್ಯಾಹ್ನ ತೂಕದಣ್ಣನೇ ಮೂರನೇ ಮಹಡಿ ಹತ್ತಿ ಬಂದ. ಅವನನ್ನು ಕಟ್ಟೆಯ ಆಚೆಗೆ ಯಾರೂ ಸರಿಯಾಗಿ ನೋಡಿರಲಿಲ್ಲ. ಹೊರಗೆ ನಿಂತರೆ ಕುಳ್ಳ ಮನುಷ್ಯ. ಏದುಸಿರು ಬಿಡುತ್ತಿದ್ದ. ಅವಳು ಗುಡ್ಡೆಗಳ ನಡುವಿನಿಂದ ಏಳಲಿಲ್ಲ, ಕೂರು ಎನ್ನಲಿಲ್ಲ.

“ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟೆಯಲ್ಲಕ್ಕಾ. ಒಂದು ತಮಾಷೆಗೆ ಇಷ್ಟಾ?”

“ನನ್ನ ಮಗಳ ತಟ್ಟೆಗೆ ನೀನು ಮೊದಲು ಹೊಡೆದೆ.”

“ಆಯ್ತು, ತಪ್ಪಾಯ್ತು. ಸಾಕಾ?”

“ಇಲ್ಲಲ್ಲ. ಅಲ್ಲಿ. ಸಂಜೆ ಹೊತ್ತಲ್ಲಿ, ಜನರ ಎದುರು, ಅವಳಿಗೆ.”

ಅವನಿಗೆ ನಗು ಬಂತು, ಒಣ ನಗು. “ಜನ? ಯಾವ ಜನ? ಇರೋರನ್ನೆಲ್ಲ ನೀನೇ ಎಳ್ಕೊಂಡು ಬಂದಿದ್ಯಲ್ಲ. ಸಂಜೆ ಅಲ್ಲಿ ನಾನು, ನನ್ನ ತಕ್ಕಡಿ ಇಬ್ಬರೇ. ಯಾರ ಎದುರು ಹೇಳ್ಲಿ?”

ಅವಳು ಕೈಯಲ್ಲಿದ್ದ ಆಲೂಗಡ್ಡೆಯನ್ನು ಹಾಗೇ ಹಿಡಿದುಕೊಂಡಳು. ಇದನ್ನು ಅವಳು ಯೋಚಿಸಿರಲಿಲ್ಲ. ಅಷ್ಟು ದಿನ ಮುತುವರ್ಜಿಯಿಂದ ಆ ಅಂಗಡಿಯನ್ನು ಖಾಲಿ ಮಾಡಿದ್ದಳು. ಈಗ ಅವಳಿಗೆ ಬೇಕಾದದ್ದು ಅದೇ ಅಂಗಡಿಯ ತುಂಬ ಜನ. ಒಳಗಿನಿಂದ ಅತ್ತೆ ಕೆಮ್ಮಿದಳು. ಆ ಕೆಮ್ಮಿನಲ್ಲಿ ಎಚ್ಚರಿಕೆ ಇತ್ತು.

“ನಾಳೆ ಸಂಜೆ ಜನರನ್ನ ಕರ್ಕೊಂಡು ಬರ್ತೀನಿ. ಅವತ್ತು ಇದ್ದಷ್ಟೇ ಜನ, ಬೇಕಾದ್ರೆ ಜಾಸ್ತಿ. ಕೈಲಿ ಚೀಲ ಹಿಡ್ಕೊಂಡೇ ಬರ್ತಾರೆ. ನೀನು ಹೇಳ್ತೀಯಾ?”

ಚೀಲ ಎಂದದ್ದೇ ಅವನ ಕಣ್ಣು ತಕ್ಕಡಿಯ ಮುಳ್ಳಿನ ಹಾಗೆ ಅಲ್ಲಾಡಿತು. “ಹೇಳ್ತೀನಿ. ಮಾತು ಕೊಟ್ಟೆ.”

ಅವನು ಇಳಿದುಹೋದ ಮೇಲೆ ಅವಳು ಮನೆಮನೆಗೆ ಹೋದಳು. ಸಣ್ಣ ಉರಿಯ ಮೇಲಿಟ್ಟಿದ್ದನ್ನು ಅವತ್ತು ಇಳಿಸಿದಳು. “ಅವತ್ತು ನೀವೂ ನಕ್ಕಿದ್ರಿ,” ಎಂದಳು ಅಷ್ಟೇ. ಹೊಲಿಗೆಯಕ್ಕ ತಲೆ ತಗ್ಗಿಸಿದಳು. “ನಾಳೆ ಬಂದು ನಿಲ್ಲಿ. ಏನು ಮಾಡಬೇಕು ಅಂತ ಹೇಳ್ತೀನಿ.” ಹೇಳಿದಳು. ನರ್ಸಮ್ಮ ಕೇಳಿ, “ಅಬ್ಬಾ, ನಿನ್ನ ಜತೆ ಜಗಳ ಆಡ್ಬಾರ್ದಮ್ಮ,” ಎಂದು ಕೆನ್ನೆ ಮುಟ್ಟಿಕೊಂಡಳು.

ಸೋಮವಾರ ಸಂಜೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಚೀಲ. ಹಾದಿಹೋಕರು ಏನೋ ಅಗ್ಗಕ್ಕೆ ಮಾರುತ್ತಿದ್ದಾರೆಂದು ಅವರೂ ಸೇರಿಕೊಂಡರು. ತೂಕದಣ್ಣ ತಲೆ ಬಾಚಿಕೊಂಡಿದ್ದ. ಮೂಟೆಗಳ ಬಾಯಿ ಬಿಚ್ಚಿಟ್ಟಿದ್ದ. ಗುಂಪನ್ನು ನೋಡಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಪಾಪ, ಅದು ಮುಖದಲ್ಲಿ ಕಾಣುತ್ತಿತ್ತು. ಕಟ್ಟೆ ಸುತ್ತಿಕೊಂಡು ಹೊರಗೆ ಬಂದು, ಹುಡುಗಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡ. ಏನೋ ಗೊಣಗಿದ.

“ಕೇಳಿಸ್ಲಿಲ್ಲ,” ಎಂದಳು ಅತ್ತೆ ಮೆಟ್ಟಿಲ ಮೇಲಿನಿಂದ. “ಗಟ್ಟಿಯಾಗಿ ಹೇಳಪ್ಪಾ, ಹಿಂದಿರೋರಿಗೂ ಬೇಕು.”

ಅವನ ಕಿವಿ ಕೆಂಪಾದವು. “ಮರಿ,” ಎಂದ, ಈ ಸಲ ಬೀದಿಗೆಲ್ಲ ಕೇಳುವಂತೆ. “ಅವತ್ತು ನಿನ್ನ ಬಾಯಲ್ಲಿ ಆ ಮಾತನ್ನ ಎರಡೆರಡು ಸಲ ಹೇಳಿಸ್ದೆ. ಅದು ತಪ್ಪು. ನಿಮ್ಮಮ್ಮನ್ನ ಹಾಗೆ ಕರೆದಿದ್ದು ತಪ್ಪು. ನಿಮ್ಮಪ್ಪನ ಬಗ್ಗೆ ಅಂದಿದ್ದೂ ತಪ್ಪು. ನನ್ನಿಂದ ತಪ್ಪಾಯ್ತು.”

ಯಾರೂ ನಗಲಿಲ್ಲ. ಹುಡುಗಿ ತಾಯಿಯ ಕಡೆ ತಿರುಗಿ ನೋಡಲಿಲ್ಲ. ಅವನನ್ನೇ ನೋಡುತ್ತಾ, “ಸರಿ,” ಎಂದಳು.

ತೂಕದಣ್ಣ ಒಂದು ಭಾರ ಇಳಿಸಿದವನಂತೆ ಓಡಿ ಕಟ್ಟೆಯ ಹಿಂದೆ ಹೋಗಿ, ತಕ್ಕಡಿಯ ತಟ್ಟೆಯನ್ನು ತೋಳಿನಿಂದ ಒರೆಸಿ, “ಹೇಳಿ ಹೇಳಿ, ಯಾರಿಗೆ ಏನು ಮೊದಲು? ಅಕ್ಕಾ, ನೀನೇ ಹೇಳು, ಏನು ಕೊಡ್ಲಿ?” ಎಂದ.

ಈ ಗಳಿಗೆಯನ್ನು ಅವಳು ಹಿಂದಿನ ದಿನದಿಂದ ನಾಲಿಗೆಯ ಮೇಲಿಟ್ಟುಕೊಂಡು ಚೀಪುತ್ತಿದ್ದಳು.

“ಏನೂ ಬೇಡ,” ಎಂದಳು. ಹೇಳಿ ತಿರುಗಿದಳು.

ಹೊಲಿಗೆಯಕ್ಕ ತಿರುಗಿದಳು. ನರ್ಸಮ್ಮ ಚೀಲವನ್ನು ಒಮ್ಮೆ ಕೊಡವಿ, ನಾಲ್ಕಾಗಿ ಮಡಚಿ, ತಿರುಗಿದಳು. ಸಾಲು ಸಾಲಾಗಿ ಖಾಲಿ ಚೀಲಗಳು ಮೆಟ್ಟಿಲ ಕಡೆ ಹೊರಟವು.

“ಅಕ್ಕಾ! ಇದು ಮೋಸ! ಮಾತು ಕೊಟ್ಟಿದ್ದೆ ನೀನು!”

ಅವಳು ನಿಂತಳು. “ಜನರನ್ನ ಕರ್ಕೊಂಡು ಬರ್ತೀನಿ ಅಂದೆ, ಬಂದಿದ್ದಾರೆ. ಚೀಲ ಹಿಡ್ಕೊಂಡು ಬರ್ತಾರೆ ಅಂದೆ, ಹಿಡ್ಕೊಂಡಿದ್ದಾರೆ. ಕೊಳ್ತಾರೆ ಅಂತ ನಾನು ಯಾವಾಗ ಅಂದೆ?”

ಆಗ ನಗು ಎದ್ದಿತು. ಅಂಗಡಿಯ ಮುಂದೆ, ಸಂಜೆಯ ಹೊತ್ತಿನಲ್ಲಿ, ಹಾದಿಹೋಕರೂ ಸೇರಿ ನಕ್ಕರು. ಅವಳು ನಗಲಿಲ್ಲ. ಆ ನಗು ಮುಗಿಯುವವರೆಗೆ ಅಲ್ಲೇ ನಿಂತು, ಅವನ ಮುಖವನ್ನು ಪೂರ್ತಿ ನೋಡಿಕೊಂಡು, ಆಮೇಲೆ ಮೆಟ್ಟಿಲು ಹತ್ತಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಮಗಳು ಕೇಳಿದಳು. “ಪಾಪ ಅಲ್ವಾಮ್ಮ ಅವರು?”

“ಪಾಪವೇ. ನಾಳೆ ಅನ್ನೋಣ. ಇವತ್ತು ಬೇಡ.”

ಅದಾಗಿ ಬಹಳ ದಿನಗಳಾದವು. ನರ್ಸಮ್ಮ ಸೋಪು, ಬೆಂಕಿಪೊಟ್ಟಣ ಎಂದು ಕೆಳಗಿನ ಅಂಗಡಿಗೆ ಮತ್ತೆ ಹೋಗುತ್ತಾಳೆ. ಹೊಲಿಗೆಯಕ್ಕನೂ ಅವಸರಕ್ಕೆ ಹೋಗುವುದುಂಟು. ಇಸ್ತ್ರಿಯಕ್ಕ ಅವರನ್ನು ಏನೂ ಅನ್ನುವುದಿಲ್ಲ, ಅವರ ಲೆಕ್ಕ ಚುಕ್ತಾ ಆಗಿದೆ. ಮಗಳು ಶಾಲೆಗೆ ಬಿಲ್ಲೆ ಕಟ್ಟಿಸಿಕೊಂಡು ಹೋಗುತ್ತಾಳೆ, ಗೆಳತಿಯರಿಗೂ ಸೇರಿಸಿ. ತೂಕದಣ್ಣ ಈಗ ಯಾರ ಮೇಲೂ ತಮಾಷೆ ಮಾಡುವುದಿಲ್ಲ. ಅವಳು ಮುಂದೆ ಹಾದುಹೋದರೆ ತಕ್ಕಡಿಯನ್ನು ಒರೆಸತೊಡಗುತ್ತಾನೆ.

ಗಂಡ ಆಗಾಗ ಕೇಳುತ್ತಾನೆ. “ಅವನು ತಪ್ಪಾಯ್ತು ಅಂದಾಯ್ತಲ್ಲ. ಇನ್ನೂ ಯಾಕೆ ಸೇತುವೆ ದಾಟ್ಕೊಂಡು ಹೋಗೋದು? ಉಪ್ಪಾದ್ರೂ ಕೆಳಗಡೆ ತಗೋಬಾರ್ದಾ?”

“ಅವನದು ಮುಗೀತು,” ಎನ್ನುತ್ತಾಳೆ ಅವಳು ಗುಡ್ಡೆಯಿಂದ ತಲೆ ಎತ್ತದೆ. “ನನ್ನದು ಇನ್ನೂ ಮುಗಿದಿಲ್ಲ.”

ಅವನು ಎದ್ದು ವ್ಯಾನಿನ ಬೀಗದ ಕೈ ಹುಡುಕುತ್ತಾನೆ.